ಜೀಪಿಗೆ ದೊಡ್ಡ ಟೈರು: ಹಾಕುವ ಮುನ್ನ ಅಳತೆ ನೋಡಿ

ಮೃಗಶಿರಾ ಮಳೆಗೆ ಮುಂಚೆ ಇಬ್ಬರು ಬೆಳೆಗಾರರು ಸೇರಿದರೆ ಮಾತು ಮೊದಲು ಕೊಳೆ ಔಷಧಿಗೆ ಹೋಗುತ್ತದೆ, ಆಮೇಲೆ ಆಳಿಗೆ, ಮೂರನೆಯದಾಗಿ ಜೀಪಿಗೆ. ಈಚೆಗೆ ಜೀಪಿನ ಮಾತು ಬಂದಲ್ಲೆಲ್ಲ ಒಂದೇ ಪ್ರಶ್ನೆ: ಟೈರು ದೊಡ್ಡದು ಹಾಕಿಸಿದರೆ ಹೇಗೆ? ಪೇಟೆಯಲ್ಲಿ ಹುಡುಗರ ಗಾಡಿಗಳನ್ನು ನೋಡಿದ ಮೇಲೆ ಈ ಆಸೆ ಹುಟ್ಟುವುದು ಸಹಜವೇ. ನಮಗೂ ಹುಟ್ಟಿತ್ತು. ಹಾಕಿಸಿಯೂ ನೋಡಿದೆವು. ಅದರಿಂದ ಆದದ್ದೇನು, ಆಗಬೇಕಾದ್ದೇನು ಎಂಬುದನ್ನು ಸದಸ್ಯ ಬಾಂಧವರ ಮುಂದೆ ಇಡುವುದು ಈ ಲೇಖನದ ಉದ್ದೇಶ. ನಮ್ಮ ತಪ್ಪನ್ನು ಮುಚ್ಚಿಟ್ಟು ಬರೆದರೆ ಯಾರಿಗೂ ಉಪಯೋಗವಿಲ್ಲವಾದ್ದರಿಂದ ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇವೆ.

ಮಲೆನಾಡಿಗೂ ಜೀಪಿಗೂ ಇರುವ ನಂಟು ಹಳೆಯದು. ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಹೊರಟದ್ದು 1947ರಲ್ಲಿ. ಅಲ್ಲಿಂದೀಚೆಗೆ ಘಟ್ಟದ ತೋಟಗಳಿಗೆ ಗೊಬ್ಬರ ಹೋದದ್ದು, ಕಾಫಿ ಹಣ್ಣು ಕಣಕ್ಕೆ ಬಂದದ್ದು, ಅಡಿಕೆ ಮಂಡಿಗೆ ಹೋದದ್ದು, ಬಾಣಂತಿ ಆಸ್ಪತ್ರೆಗೆ ಹೋದದ್ದು ಎಲ್ಲವೂ ಇದರಲ್ಲೇ. 1985ರ ಕೊನೆಗೆ ಮಾರುತಿ ಜಿಪ್ಸಿ ಬಂತು, ಆಮೇಲೆ ಬೊಲೆರೊ ಬಂತು, 2010ರಲ್ಲಿ ಥಾರ್ ಬಂತು. ಆದರೂ ನಮ್ಮ ಕಡೆ ನಾಲ್ಕು ಚಕ್ರಕ್ಕೂ ಓಟ ಹೋಗುವ ಯಾವ ಗಾಡಿಗಾದರೂ 'ಜೀಪು' ಎಂಬುದೇ ಹೆಸರು. ಈ ಲೇಖನದಲ್ಲೂ ಹಾಗೆಯೇ ಇಟ್ಟುಕೊಂಡಿದ್ದೇವೆ.

ನಮ್ಮದು ತಂದೆಯವರ ಕಾಲದ ಸಿಜೆ 3ಬಿ ಮಾದರಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದು ಬಿಟ್ಟರೆ ಉಳಿದದ್ದೆಲ್ಲ ಕಂಪನಿಯಿಂದ ಬಂದ ಹಾಗೆಯೇ ಇತ್ತು. ಟೈರು 6.00-16. ಮನೆಯಿಂದ ತೋಟಕ್ಕೆ ಎರಡು ಫರ್ಲಾಂಗು ಇಳಿಜಾರು. ಮೇಲೆ ಕಾಫಿ, ಕೆಳಗೆ ಕಣಿವೆಯಲ್ಲಿ ಅಡಿಕೆ. ಒಂದು ಕಡೆ ಧರೆ, ಇನ್ನೊಂದು ಕಡೆ ಕಾಫಿ ಗಿಡಗಳ ತಲೆ ಕಾಣುವಷ್ಟು ಆಳ. ಕೆಮ್ಮಣ್ಣಿನ ದಾರಿ, ಅದರಡಿಯಲ್ಲಿ ಜಂಬಿಟ್ಟಿಗೆ ಕಲ್ಲು. ವರ್ಷವರ್ಷ ಗೊಬ್ಬರದ ಪಿಕಪ್ ಓಡಾಡಿ ಎರಡು ಚಕ್ರದ ಜಾಡು ಆಳವಾಗಿ, ನಡುವೆ ದಿಣ್ಣೆ ಎದ್ದು ನಿಂತಿತ್ತು. 2022ರ ಮಳೆಗಾಲದಲ್ಲಿ ಹಿಂದಿನ ಡಿಫರೆನ್ಷಿಯಲ್ ಗುಂಡು ಆ ದಿಣ್ಣೆಗೆ ಉಜ್ಜಿ ಉಜ್ಜಿ, ನಾಲ್ಕು ಚಕ್ರವೂ ತಿರುಗುತ್ತಿದ್ದರೂ ಜೀಪು ನಿಂತಲ್ಲೇ ನಿಲ್ಲುತ್ತಿತ್ತು. ಎರಡನೆಯ ಕೊಳೆ ಔಷಧಿ ಹೊಡೆಯುವ ಹೊತ್ತು. ಮಳೆ ಹೊಳವಾಗುವುದು ದಿನಕ್ಕೆ ಎರಡು ಗಂಟೆಯೋ ಮೂರು ಗಂಟೆಯೋ. ಅಷ್ಟರಲ್ಲಿ ಜೀಪು ಎಳೆಯುತ್ತ ಕೂತರೆ ಗೊನೆಯ ಗತಿ ಏನಾದೀತೆಂದು ಅಡಿಕೆಯವರಿಗೆ ಹೇಳಬೇಕಾಗಿಲ್ಲ.

ಆಗ ಬೆಂಗಳೂರಿಂದ ಬಂದಿದ್ದ ನಮ್ಮ ಅಳಿಯ, 'ಮಾವ, ಟೈರು ಒಂದು ಸೈಜು ಮೇಲೆ ಹೋದರೆ ಸಾಕು, ಗುಂಡು ನೆಲಕ್ಕೆ ತಾಗುವುದೇ ಇಲ್ಲ' ಎಂದ. ಮಾತು ಸುಳ್ಳಲ್ಲ. ಜೀಪಿನಲ್ಲಿ ನೆಲಕ್ಕೆ ಅತಿ ಸಮೀಪ ಇರುವುದು ಡಿಫರೆನ್ಷಿಯಲ್ ಗುಂಡು. ಕಮಾನು ಪಟ್ಟಿ ಹೆಚ್ಚಿಸಿ ಬಾಡಿ ಎಷ್ಟು ಎತ್ತರಿಸಿದರೂ ಗುಂಡು ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಅಚ್ಚಿನಲ್ಲೇ ಇರುವುದು. ಅಚ್ಚನ್ನು ಎತ್ತುವುದು ಟೈರು ಮಾತ್ರ. ನಾವು ಇಷ್ಟನ್ನು ಕೇಳಿ ಮುಂದಿನದನ್ನು ಕೇಳದೆ ಹೋದೆವು. ಒಂದು ಸೈಜು ಅಲ್ಲ, ಎರಡು ಮೂರು ಸೈಜು ದಾಟಿ 7.50-16ರ ನಾಲ್ಕು ಟೈರು ತಂದೆವು. ಸಣ್ಣ ಲಾರಿಯವರೊಬ್ಬರು ಬಿಚ್ಚಿಟ್ಟ ಮಾಲು, ಗುಂಡಿ ಚೆನ್ನಾಗಿತ್ತು, ಬೆಲೆಯೂ ಕಡಿಮೆ. ಕಡಿಮೆ ಬೆಲೆಗೆ ಸಿಕ್ಕಿದ್ದು ಎಂಬುದೇ ಅರ್ಧ ಕಾರಣ ಎಂದು ಒಪ್ಪಿಕೊಳ್ಳುತ್ತೇವೆ.

ಮೊದಲ ವಾರ ನಮ್ಮ ಸಂಭ್ರಮ ಹೇಳತೀರದು. ದಿಣ್ಣೆಯ ಮೇಲೆ ಜೀಪು ಆನೆಯ ಹಾಗೆ ಹೋಯಿತು. ಸ್ಟೇರಿಂಗು ಸ್ವಲ್ಪ ಗಟ್ಟಿ ಎನಿಸಿತು, ಪೂರ್ತಿ ತಿರುಗಿಸಿದರೆ ಟೈರು ಕಮಾನು ಪಟ್ಟಿಗೆ ಉಜ್ಜುವ ಶಬ್ದ ಬಂತು. 'ಹೊಸದು, ಪಳಗುತ್ತದೆ' ಎಂದುಕೊಂಡೆವು. ಟೈರು ಪಳಗಲು ಅದೇನು ಚಪ್ಪಲಿಯೇ?

ಅಂದು ಆದದ್ದು

ಹಳ್ಳದ ನೀರು ಆ ದಿನಗಳಲ್ಲಿ ಕದಡಿ ಕೆಂಪಾಗಿರುತ್ತದೆಂದು ನಾವು ಬೋರ್ಡೋ ದ್ರಾವಣವನ್ನು ಮನೆ ಬಾವಿಯ ನೀರಿನಲ್ಲೇ ಕಲಸಿ ಡ್ರಮ್ಮಿನಲ್ಲಿ ಕೆಳಗೆ ಒಯ್ಯುವುದು ರೂಢಿ. 200 ಲೀಟರಿನ ಡ್ರಮ್ಮು. ತುಳುಕಿ ಹೋಗಬಾರದೆಂದು ಮುಕ್ಕಾಲು ಮಾತ್ರ ತುಂಬಿದ್ದೆವು. ಇದೂ ತಪ್ಪೇ, ಕಂಠಮಟ್ಟ ತುಂಬಿ ಮುಚ್ಚಳ ಬಿಗಿದ ಡ್ರಮ್ಮು ಅಲುಗುವುದಿಲ್ಲ, ಮುಕ್ಕಾಲು ತುಂಬಿದ್ದು ಬ್ರೇಕು ಹಾಕಿದಾಗಲೆಲ್ಲ ಹಿಂದಿನಿಂದ ಬಂದು ಗುದ್ದುತ್ತದೆ. ಹಿಂದೆ ಡ್ರಮ್ಮಿನ ಜೊತೆಗೆ ಮೂವರು ಕೂತಿದ್ದರು.

ಲೋ ಗೇರಿನ ಎರಡನೆಯದರಲ್ಲಿ ಇಳಿಯುವುದು ನಮ್ಮ ಹಳೆಯ ಅಭ್ಯಾಸ. ಬ್ರೇಕು ಮುಟ್ಟದೆ ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತಿತ್ತು. ಆ ದಿನ ಅದೇ ಗೇರಿನಲ್ಲಿ ಜೀಪು ಎಂದಿಗಿಂತ ಬೇಗ ಇಳಿಯತೊಡಗಿತು. ಬ್ರೇಕು ಒತ್ತಿದೆವು, ಸಾಲದೆ ಮತ್ತೂ ಒತ್ತಿದೆವು. ಚಕ್ರ ಕಚ್ಚಿ ನಿಂತು ಜೀಪು ಕೆಸರಿನ ಮೇಲೆ ಜಾರಿತು. ಎಡಕ್ಕೆ ಪ್ರಪಾತ, ಬಲಕ್ಕೆ ಧರೆ. ಸ್ಟೇರಿಂಗು ಬಲಕ್ಕೆ ಎಳೆದರೆ ಟೈರು ಪಟ್ಟಿಗೆ ತಾಗಿ ಪೂರ್ತಿ ತಿರುಗಲೇ ಇಲ್ಲ. ಹೇಗೋ ಮೂತಿ ಧರೆಗೆ ಒರಗಿ, ಹಿಂದಿನ ಚಕ್ರ ಚರಂಡಿಗೆ ಬಿದ್ದು ಗಾಡಿ ನಿಂತಿತು. ಹಿಂದಿದ್ದವರು ಮೊದಲೇ ಹಾರಿದ್ದರು. ಡ್ರಮ್ಮು ಮಗುಚಿ ಔಷಧಿಯೆಲ್ಲ ಕಾಫಿ ಗಿಡದ ಮೇಲೆ ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಜೀಪು ಎಡಕ್ಕೆ ಜಾರಿದ್ದರೆ ಎಂಬುದನ್ನು ಈಗಲೂ ರಾತ್ರಿ ನೆನೆಸಿಕೊಳ್ಳುವುದುಂಟು.

ಮೂವತ್ತು ವರ್ಷದಿಂದ ನಮ್ಮಲ್ಲಿ ಕೊನೆಗಾರನಾಗಿರುವ ಹಿರಿಯ ಮೈಕೈಗೆ ಅಂಟಿದ ನೀಲಿ ಒರೆಸಿಕೊಳ್ಳುತ್ತ, 'ಅಯ್ಯಾ, ನಾಳಿಂದ ನಾವು ನಡ್ಕಂಡೇ ಬತ್ತೀವಿ. ಡ್ರಮ್ಮು ನೀವು ತನ್ನಿ' ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ಚುಚ್ಚಿತು. ಅರವತ್ತು ಅಡಿ ಎತ್ತರದ ಮರವನ್ನು ಮಳೆಯಲ್ಲಿ ಹತ್ತುವವನು ನಮ್ಮ ಜೀಪು ಹತ್ತಲು ಹೆದರಿದ.

ಮರುದಿನ ಪೇಟೆಯ ಗ್ಯಾರೇಜಿನ ಮೇಸ್ತ್ರಿಯನ್ನು ಕರೆತಂದೆವು. ಜೀಪಿನ ಸುತ್ತ ಒಂದು ಸುತ್ತು ಬಂದು ಅವರು ಕೇಳಿದ್ದು ಒಂದೇ ಮಾತು: 'ಟೈರು ಬದಲಿಸಿದಿರಿ, ಸರಿ. ಬ್ರೇಕು, ಕ್ರೌನು, ರಿಮ್ಮು ಏನಾದರೂ ಬದಲಿಸಿದಿರಾ?' ಇಲ್ಲವೆಂದೆವು. 'ಹಾಗಾದರೆ ಗಾಡಿಗೆ ಬೂಟು ಮಾತ್ರ ದೊಡ್ಡದಾಯಿತು, ಕಾಲು ಹಳೆಯದೇ' ಎಂದರು.

ಲೆಕ್ಕ ಸರಳ, ಮಾಡುವವರು ಕಡಿಮೆ

ಹಳೆಯ ಟೈರಿನ ಎತ್ತರ ಅಳೆದಾಗ ಇಪ್ಪತ್ತೆಂಟೂವರೆ ಇಂಚು. ಹೊಸದು ಮೂವತ್ತೊಂದೂವರೆ. ಮೂರು ಇಂಚು ಹೆಚ್ಚಾಯಿತು. ಆದರೆ ಗುಂಡು ಮೇಲೆದ್ದದ್ದು ಮೂರು ಇಂಚಲ್ಲ, ಒಂದೂವರೆ ಮಾತ್ರ. ಟೈರಿನ ಅರ್ಧ ಅಚ್ಚಿನ ಕೆಳಗಿರುತ್ತದೆ, ಇನ್ನರ್ಧ ಮೇಲೆ. ಕೆಳಗಿನ ಅರ್ಧವೇ ನಮಗೆ ಸಿಗುವ ಲಾಭ, ಮೇಲಿನ ಅರ್ಧ ಮಡ್‌ಗಾರ್ಡಿಗೆ ತಾಗುವ ನಷ್ಟ.

ಆ ಒಂದೂವರೆ ಇಂಚಿಗಾಗಿ ನಾವು ತೆತ್ತದ್ದೇನು ನೋಡಿ. ಟೈರಿನ ಸುತ್ತಳತೆ ಶೇಕಡಾ ಹತ್ತೂವರೆಯಷ್ಟು ಹೆಚ್ಚಿತು. ಅಂದರೆ ಚಕ್ರ ಒಂದು ಸುತ್ತು ಬಂದರೆ ಜೀಪು ಮೊದಲಿಗಿಂತ ಶೇಕಡಾ ಹತ್ತೂವರೆ ದೂರ ಹೋಗುತ್ತದೆ. ಎಂಜಿನ್ನಿನ ಮಟ್ಟಿಗೆ ಇದು ಎಲ್ಲ ಗೇರನ್ನೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಹಾಕಿದ ಹಾಗೆ. ಏರಿನಲ್ಲಿ ನೆಲವನ್ನು ತಳ್ಳುವ ಬಲ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಅಷ್ಟೇ ಕಡಿಮೆ. ನಾವು 'ಎಂದಿಗಿಂತ ಬೇಗ ಇಳಿಯಿತು' ಎಂದದ್ದು ಭ್ರಮೆಯಲ್ಲ, ಲೆಕ್ಕವೇ ಅದು.

ಇಲ್ಲೊಂದು ಸ್ವಾರಸ್ಯ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಓಡಿಸಿದ ವಿಲ್ಲೀಸ್ ಜೀಪಿನ ಕ್ರೌನ್-ಪಿನಿಯನ್ ಪ್ರಮಾಣ 4.88 ಇತ್ತು. ಯುದ್ಧ ಮುಗಿದು ರೈತರಿಗೆಂದು ಮಾಡಿದ ಸಿಜೆ ಜೀಪುಗಳಲ್ಲಿ ಅದನ್ನು 5.38ಕ್ಕೆ ಏರಿಸಿದರು. 8 ಹಲ್ಲಿನ ಪಿನಿಯನ್ನಿಗೆ 43 ಹಲ್ಲಿನ ಕ್ರೌನು. ಓಟ ಕಡಿಮೆಯಾದರೂ ಚಿಂತೆಯಿಲ್ಲ, ಹೊಲದಲ್ಲಿ ಎಳೆಯಲಿ ಎಂಬುದು ಅದರ ಉದ್ದೇಶ. ನಾವು ದೊಡ್ಡ ಟೈರು ಹಾಕಿ ಆ 5.38ನ್ನು ಲೆಕ್ಕಕ್ಕೆ 4.87 ಮಾಡಿಟ್ಟೆವು. ರೈತನ ಜೀಪನ್ನು ದುಡ್ಡು ಕೊಟ್ಟು ಸಿಪಾಯಿಯ ಜೀಪು ಮಾಡಿಕೊಂಡ ಹಾಗಾಯಿತು.

ಬ್ರೇಕಿನ ಕತೆಯೂ ಬೇರೆಯಲ್ಲ. ಡ್ರಮ್ಮು ಹಳೆಯದೇ, ಲೈನರು ಹಳೆಯದೇ. ಆದರೆ ಅದು ಹಿಡಿದು ನಿಲ್ಲಿಸಬೇಕಾದ ಚಕ್ರದ ತೋಳು ಉದ್ದವಾಯಿತು. ಅದೇ ಜಾಗದಲ್ಲಿ ನಿಲ್ಲಬೇಕಾದರೆ ಪೆಡಲನ್ನು ಶೇಕಡಾ ಹತ್ತಕ್ಕಿಂತ ಹೆಚ್ಚು ಒತ್ತಬೇಕು. ಮೇಲೆ ಟೈರಿನ ತೂಕ ಬೇರೆ. ತಿರುಗುವ ತೂಕವನ್ನು ಓಡಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ; ಬೀಸುಕಲ್ಲು ತಿರುಗಿಸಿದವರಿಗೆ ಇದು ಗೊತ್ತು. ವ್ಹೀಲ್ ಬೇರಿಂಗು, ಮುಂದಿನ ಚಕ್ರದ ಕಿಂಗ್‌ಪಿನ್ನು, ಅಚ್ಚಿನ ಶಾಫ್ಟು ಇವೆಲ್ಲ ಸಣ್ಣ ಟೈರಿಗೆಂದು ಮಾಡಿದವು. ಜಾಡಿನಲ್ಲಿ ಸಿಕ್ಕಿ ರೇಸು ಮಾಡುವಾಗ ಮೊದಲು ಮುರಿಯುವುದು ಶಾಫ್ಟು.

ಮೀಟರಿನ ವಿಷಯ ಹಲವರು ಮರೆಯುತ್ತಾರೆ. ಜೀಪಿನ ಮೀಟರಿನ ಕೇಬಲ್ಲು ತಿರುಗುವುದು ಗೇರಿನ ಕಡೆಯಿಂದ. ಅದಕ್ಕೆ ಟೈರು ದೊಡ್ಡದಾದದ್ದು ತಿಳಿಯದು. ಮೀಟರು 40 ತೋರಿಸುವಾಗ ಗಾಡಿ ನಿಜವಾಗಿ 44ರಲ್ಲಿ ಓಡುತ್ತಿರುತ್ತದೆ. 80 ಕಿಲೋಮೀಟರು ತೋರಿಸಿದಾಗ 88 ಓಡಿರುತ್ತದೆ. 'ದೊಡ್ಡ ಟೈರು ಹಾಕಿ ಮೈಲೇಜು ಹಾಳಾಯಿತು' ಎಂದು ದೂರುವವರಲ್ಲಿ ಕೆಲವರ ನಷ್ಟ ಅರ್ಧ ಮೀಟರಿನದು, ಅರ್ಧ ಮಾತ್ರ ಡೀಸೆಲಿನದು.

ರಿಮ್ಮು ಮತ್ತು ಉಜ್ಜಾಟ

ವಿಲ್ಲೀಸ್ ಮಾದರಿಯ ರಿಮ್ಮಿನ ಅಗಲ ನಾಲ್ಕೂವರೆ ಇಂಚು. 7.00-16ಕ್ಕೆ ಐದೂವರೆ, 7.50-16ಕ್ಕೆ ಆರು ಇಂಚಿನ ರಿಮ್ಮು ಬೇಕು. ನಾವು ಹಳೆಯ ರಿಮ್ಮಿಗೇ ಹೊಸ ಟೈರು ಹತ್ತಿಸಿದ್ದೆವು. ಅದು ಒಳಗೆ ಕೂತಿತು, ಆದರೆ ಕೂತದ್ದು ಸರಿಯಾಗಿಯಲ್ಲ. ಬಾಯಿ ಬಿಗಿದ ಚೀಲದ ಹಾಗೆ ಬದಿ ಉಬ್ಬಿ, ನೆಲಕ್ಕೆ ತಾಗುವ ಭಾಗ ದುಂಡಗಾಯಿತು. ಹದಿನೈದು ದಿನದಲ್ಲಿ ನಡುವಿನ ಗುಂಡಿ ಸವೆದದ್ದು ಕಣ್ಣಿಗೇ ಕಾಣುತ್ತಿತ್ತು. ತಿರುವಿನಲ್ಲಿ ಗಾಡಿ ಒಂದು ಕಡೆಗೆ ಓಲಾಡುತ್ತಿದ್ದುದಕ್ಕೂ ಇದೇ ಕಾರಣ. ಹಳೆಯ ಜೀಪಿನ ಎರಡು ಚಕ್ರಗಳ ನಡುವಿನ ಅಂತರ ನಾಲ್ಕು ಅಡಿ ಚಿಲ್ಲರೆ ಮಾತ್ರ. ಅಷ್ಟು ಕಿರಿದಾದ ಗಾಡಿಯ ಮೈಯನ್ನು ಒಂದೂವರೆ ಇಂಚು ಮೇಲೆತ್ತುವುದು ಧರೆಯಂಚಿನ ದಾರಿಯಲ್ಲಿ ಸಣ್ಣ ಮಾತಲ್ಲ.

ಉಜ್ಜಾಟ ತಪ್ಪಿಸಲು ಕೆಲವರು ಚಕ್ರಕ್ಕೂ ಹಬ್ಬಿಗೂ ನಡುವೆ ಬಿಲ್ಲೆ ಕೊಟ್ಟು ಚಕ್ರವನ್ನು ಹೊರಕ್ಕೆ ತಳ್ಳುತ್ತಾರೆ. ತೂಕವೆಲ್ಲ ಬೇರಿಂಗಿನಿಂದ ಹೊರಗೆ ಹೋಗಿ ಬೇರಿಂಗು ಬೇಗ ಸಾಯುತ್ತದೆ. ಸ್ಟೇರಿಂಗಿನ ತಡೆ ಬೋಲ್ಟನ್ನು ಹೊರಗೆ ತಿರುಗಿಸಿ, ಚಕ್ರ ಪೂರ್ತಿ ತಿರುಗದಂತೆ ಮಾಡುವುದು ಇನ್ನೊಂದು ಉಪಾಯ. ಟೈರು ಉಳಿಯುತ್ತದೆ ನಿಜ. ಆದರೆ ಮೊದಲು ಒಂದೇ ಸಲಕ್ಕೆ ತಿರುಗುತ್ತಿದ್ದ ಹಿಮ್ಮುರಿ ತಿರುವಿನಲ್ಲಿ ಎರಡು ಸಲ ರಿವರ್ಸ್ ಹಾಕಬೇಕು, ಅದೂ ಪ್ರಪಾತದ ಕಡೆಗೆ.

ತಾಗುತ್ತದೋ ಇಲ್ಲವೋ ಎಂದು ಅಂಗಡಿಯ ಸಪಾಟು ನೆಲದಲ್ಲಿ ನೋಡಿದರೆ ತಿಳಿಯದು. ಒಂದು ಮುಂದಿನ ಚಕ್ರವನ್ನು ಒಂದಡಿ ಎತ್ತರದ ಕಲ್ಲಿನ ಮೇಲೆ ಹತ್ತಿಸಿ, ಅದರ ಮೂಲೆಗೆದುರಿನ ಹಿಂದಿನ ಚಕ್ರವನ್ನೂ ಹಾಗೆಯೇ ಹತ್ತಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆ ಟೈರಿಗೂ ಪಟ್ಟಿಗೂ, ಟೈರಿಗೂ ಬ್ರೇಕಿನ ಹೋಸಿಗೂ ನಡುವೆ ಎರಡು ಬೆರಳು ಆಡುವಷ್ಟು ಜಾಗ ಇರಬೇಕು. ಬ್ರೇಕಿನ ಹೋಸು ಉಜ್ಜಿ ತೂತಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಟೈರು ಬಿಚ್ಚುವಾಗಿನ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇವೆ. ಹಳೆಯ ವಿಲ್ಲೀಸ್ ಜೀಪಿನಲ್ಲಿ ಎಡಗಡೆಯ ಚಕ್ರದ ನಟ್ಟುಗಳು ಉಲ್ಟಾ ತಿರುಪಿನವು. ಹೊಸ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ನಮ್ಮ ಅಳಿಯ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎರಡು ಸ್ಟಡ್ಡು ಮುರಿದಿಟ್ಟ.

ನಾಲ್ಕೂ ಒಂದೇ ಅಳತೆ

ನಮ್ಮ ಜೀಪು, ಜಿಪ್ಸಿ, ಥಾರ್, ಜಿಮ್ನಿ ಇವುಗಳಲ್ಲಿ ಫೋರ್ ವ್ಹೀಲ್ ಹಾಕಿದಾಗ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮುಂದೆ ಸಣ್ಣದು ಹಿಂದೆ ದೊಡ್ಡದು ಹಾಕಿದರೆ, ಒಂದೇ ನೊಗಕ್ಕೆ ಬಲಿತ ಎತ್ತನ್ನೂ ಕರುವನ್ನೂ ಕಟ್ಟಿದ ಹಾಗೆ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿ ಬಿಟ್ಟುಕೊಳ್ಳುತ್ತದೆ; ಗಟ್ಟಿ ನೆಲದಲ್ಲಿ ಬಿಡಲು ದಾರಿಯಿಲ್ಲದೆ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ಹಣಕ್ಕೆ ಅನುಕೂಲವಾದಾಗ ಎರಡು ಹಾಕೋಣ, ಉಳಿದೆರಡು ಮುಂದಿನ ಸುಗ್ಗಿಗೆ ಎನ್ನುವವರು ಇದನ್ನು ಗಮನಿಸಬೇಕು. ಸ್ಟೆಪ್ನಿಯನ್ನೂ ಮರೆಯಬಾರದು. ಒಟ್ಟು ಲೆಕ್ಕ ಐದು ಟೈರಿನದು, ನಾಲ್ಕರದಲ್ಲ.

ಕೆಸರಿಗೆ ಯಾವುದು

ದೊಡ್ಡದು, ಅಗಲವಾದದ್ದು ಎಂದರೆ ಕೆಸರಿಗೆ ಒಳ್ಳೆಯದು ಎಂಬ ನಂಬಿಕೆ ಇದೆ. ಕೆಸರು ಯಾವುದೆಂದು ಮೊದಲು ಕೇಳಬೇಕು. ಗದ್ದೆಯಂಥ ತಳವಿಲ್ಲದ ಕೆಸರಾದರೆ ಅಗಲದ ಟೈರು ಮೇಲೆ ತೇಲುತ್ತದೆ, ನಿಜ. ನಮ್ಮ ತೋಟದ ದಾರಿ ಹಾಗಲ್ಲ. ಮೇಲೆ ನಾಲ್ಕು ಬೆರಳು ಜಾರುವ ಕೆಮ್ಮಣ್ಣು, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಇಲ್ಲಿ ಬೇಕಾದದ್ದು ಕೆಸರನ್ನು ಸೀಳಿ ಕೆಳಗಿನ ಗಟ್ಟಿಯನ್ನು ಕಚ್ಚುವ ಕಿರಿದಾದ ಟೈರು. ಕಂಪನಿಯ 6.00-16 ಟೈರು ಆ ಕೆಲಸಕ್ಕೇ ಹೇಳಿ ಮಾಡಿಸಿದ ಹಾಗಿದೆ. ಗುಂಡಿ ಮಾತ್ರ ಆಳವಾಗಿ, ಬಿಡಿಬಿಡಿಯಾಗಿ ಇರಬೇಕು. ಚಕ್ರ ತಿರುಗಿದಾಗ ಸಿಕ್ಕಿದ ಮಣ್ಣು ತಾನಾಗಿ ಉದುರಬೇಕು. ಗುಂಡಿ ಸವೆದ ದೊಡ್ಡ ಟೈರಿಗಿಂತ ಗುಂಡಿ ಇರುವ ಸಣ್ಣ ಟೈರು ಎಷ್ಟೋ ಮೇಲು ಎಂಬುದು ನಮ್ಮ ಅನುಭವ.

ಇನ್ನು ನಮ್ಮ ಹಿರಿಯರ ಉಪಾಯ, ಸರಪಳಿ. ಕೊಡಚಾದ್ರಿ ಹತ್ತುವ ಜೀಪುಗಳನ್ನು ಮಳೆಯಲ್ಲಿ ನೋಡಿದವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಮನೆಯಲ್ಲೂ ತಂದೆಯವರು ಮಾಡಿಸಿಟ್ಟ ಒಂದು ಜೊತೆ ಸರಪಳಿ ಇತ್ತು. ದೊಡ್ಡ ಟೈರು ಹಾಕಿದ ಮೇಲೆ ಕಟ್ಟಲು ಹೋದರೆ ಒಂದು ಗೇಣು ಸಾಲದೆ ಬಂತು! ಎಂಥ ಮಳೆಯಲ್ಲೂ ಕೈಬಿಡದ ಸಾಧನವನ್ನು ನಾವೇ ನಿರುಪಯೋಗ ಮಾಡಿಕೊಂಡಿದ್ದೆವು. ಸರಪಳಿಯನ್ನು ಬಿಗಿಯಾಗಿ ಕಟ್ಟಿ, ಹತ್ತು ಮಾರು ಓಡಿಸಿ, ಮತ್ತೆ ಬಿಗಿಯಬೇಕು. ಡಾಮರು, ಕಾಂಕ್ರೀಟು ದಾರಿ ಬಂದೊಡನೆ ಬಿಚ್ಚಬೇಕು. ಇಲ್ಲದಿದ್ದರೆ ರಸ್ತೆಯೂ ಹಾಳು, ಟೈರೂ ಹಾಳು. ಹಿಂದಿನ ಚಕ್ರಕ್ಕೆ ಮಾತ್ರ ಕಟ್ಟಿದ್ದರೆ ಇಳಿಜಾರಿನಲ್ಲಿ ಮುಂದಿನ ಚಕ್ರ ಜಾರಬಹುದು ಎಂಬ ಎಚ್ಚರ ಇರಲಿ.

ದುಡ್ಡಿಲ್ಲದ ಉಪಾಯ ಗಾಳಿಯದು. ಖಾಲಿ ಜೀಪಿಗೆ ನಾವು ಮುಂದೆ 26, ಹಿಂದೆ 28 ಪೌಂಡು ಇಡುತ್ತೇವೆ. ಕೆಸರಿಗೆ ಇಳಿಯುವಾಗ 20ಕ್ಕೆ ಇಳಿಸಿದರೆ ಟೈರು ನೆಲಕ್ಕೆ ಉದ್ದವಾಗಿ ಒರಗಿ ಹಿಡಿತ ಹೆಚ್ಚುತ್ತದೆ. ಟ್ಯೂಬಿನ ಟೈರಿಗೆ 18ಕ್ಕಿಂತ ಕೆಳಗೆ ನಾವು ಹೋಗುವುದಿಲ್ಲ. ಟೈರು ರಿಮ್ಮಿನ ಮೇಲೆ ಜರುಗಿ ಟ್ಯೂಬಿನ ವಾಲ್ವು ಕಿತ್ತುಬರುತ್ತದೆ. ಗಾಳಿ ಇಳಿಸಿ ಹೇರು ಹೇರಬಾರದು, ಡಾಮರಿಗೆ ಬರುವ ಮುಂಚೆ ತುಂಬಿಸಿಕೊಳ್ಳಬೇಕು. ಕೈಪಂಪು ಒಂದು ಗಾಡಿಯಲ್ಲೇ ಇರಲಿ.

ಹೊಸ ಗಾಡಿಯವರಿಗೆ

ಹೊಸ ಗಾಡಿಗಳ ಟೈರಿನ ಮೇಲೆ 215/75 ಆರ್ 15 ಎಂಬಂಥ ಬರಹ ಇರುತ್ತದೆ. ಇದು ಬೊಲೆರೊದ ಅಳತೆ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಬದಿಯ ಎತ್ತರ ಆ ಅಗಲದ ಶೇಕಡಾ 75. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಬದಿಯ ಎತ್ತರವನ್ನು ಎರಡರಿಂದ ಗುಣಿಸಿ ರಿಮ್ಮಿನ 381 ಮಿಲಿಮೀಟರು ಕೂಡಿಸಿದರೆ ಒಟ್ಟು ಎತ್ತರ ಸುಮಾರು 703 ಮಿಲಿಮೀಟರು. ಇದನ್ನೇ 235/75 ಆರ್ 15 ಮಾಡಿದರೆ 733. ಹೆಚ್ಚಿದ್ದು 30, ಗುಂಡು ಮೇಲೆದ್ದದ್ದು 15 ಮಿಲಿಮೀಟರು, ಅಂದರೆ ಒಂದು ಬೆರಳಿನ ದಪ್ಪ. ಶೇಕಡಾ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಕಂಪನಿಯ ಅಳತೆಗಿಂತ ಶೇಕಡಾ 3ರೊಳಗೆ ಇರಲಿ ಎಂಬುದು ಟೈರಿನವರಲ್ಲಿ ರೂಢಿಯಲ್ಲಿರುವ ಮಾತು. ನಮಗೂ ಅದೇ ಸರಿಯೆನಿಸುತ್ತದೆ. 2020ರ ಥಾರ್ ಗಾಡಿಗೆ ಕಂಪನಿಯೇ 245/75 ಆರ್ 16, 255/65 ಆರ್ 18 ಎಂಬ ಎರಡು ಅಳತೆ ಕೊಟ್ಟಿತು. ಲೆಕ್ಕ ಹಾಕಿದರೆ 774 ಮತ್ತು 789 ಮಿಲಿಮೀಟರು. ವ್ಯತ್ಯಾಸ ಶೇಕಡಾ ಎರಡು. ಗಾಡಿ ಮಾಡಿದವರೇ ಎಷ್ಟು ಹಿಡಿತದಲ್ಲಿ ಹೋಗುತ್ತಾರೆ ನೋಡಿ.

ಅಳತೆಯ ಮುಂದೆ ಇನ್ನೊಂದು ಅಂಕಿ ಇರುತ್ತದೆ, ಅದು ಹೊರುವ ತೂಕದ ಗುರುತು. 95 ಎಂದಿದ್ದರೆ ಒಂದು ಟೈರಿಗೆ 690 ಕಿಲೊ, 100 ಎಂದಿದ್ದರೆ 800 ಕಿಲೊ, 104 ಎಂದಿದ್ದರೆ 900 ಕಿಲೊ. ಕಾಫಿ ಚೀಲ ಹೇರುವವರು ಅಗಲ ನೋಡುವ ಮೊದಲು ಈ ಅಂಕಿ ನೋಡಲಿ. ಹಳೆಯ ಟೈರಿನದಕ್ಕಿಂತ ಕಡಿಮೆ ಇರಬಾರದು.

ಹಳೆಯ ಟೈರು ಕೊಳ್ಳುವವರು ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಬೇಕು. 2318 ಎಂದಿದ್ದರೆ 2018ರ 23ನೆಯ ವಾರ ತಯಾರಾದದ್ದು. ಗುಂಡಿ ಹೊಸದರಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬದಿಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಬಿಡಿ. ರೀಸೋಲ್ ಮಾಡಿದ್ದನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಕಂಪನಿ ನಿಗದಿಪಡಿಸಿದ್ದಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ತೋಟದೊಳಗೆ ಯಾರೂ ಕೇಳಲಾರರು. ಪೇಟೆಗೆ ಹೋಗುವ ದಾರಿಯಲ್ಲಿ ಏನಾದರೂ ಆದರೆ ವಿಮೆಯವರು ಮೊದಲು ನೋಡುವುದು ಇಂಥದನ್ನೇ. ಗಾಡಿಯ ಪುಸ್ತಕದಲ್ಲಿ ಕಂಪನಿ ಒಪ್ಪಿದ ಅಳತೆಗಳು ಯಾವುವೆಂದು ನೋಡಿ, ಅದರೊಳಗೆ ದೊಡ್ಡದನ್ನು ಆರಿಸಿಕೊಳ್ಳುವವರಿಗೆ ಈ ತಾಪತ್ರಯವಿಲ್ಲ.

ಪುಸ್ತಕ ಕಳೆದುಕೊಂಡ ಹಳೆಯ ಗಾಡಿಯವರು ಕಾಫಿ ಕಣದಲ್ಲೇ ಅಳತೆ ತೆಗೆಯಬಹುದು. ಎಂದಿನಂತೆ ಹೇರು ಹೇರಿ, ಗಾಳಿ ಸರಿಮಾಡಿ, ಟೈರಿನ ತಳಕ್ಕೂ ಕಣಕ್ಕೂ ಸುಣ್ಣದ ಗುರುತು ಹಾಕಿ. ಚಕ್ರ ಸರಿಯಾಗಿ ಒಂದು ಸುತ್ತು ಬರುವಷ್ಟು ನೂಕಿ ಮತ್ತೆ ಗುರುತು ಹಾಕಿ. ಎರಡು ಗುರುತಿನ ನಡುವಿನ ದೂರವೇ ನಿಜವಾದ ಓಟದ ಅಳತೆ. ಎತ್ತರದಿಂದ ಲೆಕ್ಕ ಹಾಕಿದ್ದಕ್ಕಿಂತ ಇದು ಸ್ವಲ್ಪ ಕಡಿಮೆ ಬರುತ್ತದೆ, ಏಕೆಂದರೆ ಹೇರಿಗೆ ಟೈರು ಕೂತಿರುತ್ತದೆ. ಬೇರೆ ಟೈರು ಹಾಕುವ ಮೊದಲು ಅದನ್ನು ಹಾಕಿದ ನೆರೆಯವರ ಗಾಡಿಯನ್ನೂ ಹೀಗೆಯೇ ಅಳೆದು ನೋಡಿದರೆ ಕೊಳ್ಳುವ ಮುಂಚೆಯೇ ಎಲ್ಲ ತಿಳಿಯುತ್ತದೆ. ಎರಡು ತಾಸಿನ ಈ ಕೆಲಸ ನಾವು ಮಾಡಿದ್ದರೆ ಈ ಲೇಖನ ಬರೆಯಬೇಕಾಗಿ ಬರುತ್ತಿರಲಿಲ್ಲ.

ಕೊನೆಗೆ ಮಾಡಿದ್ದು

6.00-16ರ ಐದು ಹೊಸ ಟೈರು ತಂದೆವು, ಆಳವಾದ ಗುಂಡಿಯವು. ಬ್ರೇಕಿನ ಲೈನರು, ಮುಂದಿನ ಎರಡು ಬೇರಿಂಗು ಬದಲಾಯಿಸಿದೆವು. ಅವು ಆಗಲೇ ಸದ್ದು ಮಾಡತೊಡಗಿದ್ದವು. ಡ್ರಮ್ಮಿಗೆ ಹಿಂದೆ ಕಬ್ಬಿಣದ ಪಟ್ಟಿಯ ಕಟ್ಟು ಮಾಡಿಸಿ, ಕಂಠಮಟ್ಟ ತುಂಬಿ ಬಿರಡೆ ಹಾಕಿಯೇ ಒಯ್ಯುತ್ತೇವೆ. ಡ್ರಮ್ಮು ಇರುವಾಗ ಹಿಂದೆ ಯಾರನ್ನೂ ಕೂರಿಸುವುದಿಲ್ಲ.

ಇಷ್ಟಾದರೂ ದಿಣ್ಣೆ ಅಲ್ಲೇ ಇತ್ತಲ್ಲ. ಅದನ್ನು ತೆಗೆದದ್ದು ಟೈರಲ್ಲ, ಹಾರೆ ಗುದ್ದಲಿ. ನವರಾತ್ರಿ ಕಳೆದು ಮಳೆ ನಿಂತ ಮೇಲೆ ನಾಲ್ಕು ಆಳು ಎರಡು ದಿನ ಕೆಲಸ ಮಾಡಿ ದಿಣ್ಣೆ ಕಡಿದು ಜಾಡಿಗೆ ತುಂಬಿದರು. ಜಾಡಿನ ತಳಕ್ಕೆ ಹಳ್ಳದ ಗುಂಡುಕಲ್ಲಲ್ಲ, ಒಡೆದ ಜಂಬಿಟ್ಟಿಗೆ ಹಾಸಿದೆವು. ಗುಂಡುಕಲ್ಲು ಚಕ್ರಕ್ಕೆ ಸಿಕ್ಕಿ ಹಾರುತ್ತದೆ. ಇಪ್ಪತ್ತು ಇಪ್ಪತ್ತೈದು ಹೆಜ್ಜೆಗೊಂದು ಓರೆ ಕಾಲುವೆ ಕಡಿದು ನೀರನ್ನು ಧರೆಯ ಬದಿಯ ಚರಂಡಿಗೆ ತಿರುಗಿಸಿದೆವು. ನೀರು ಜಾಡಿನಲ್ಲಿ ಓಡುವುದು ನಿಂತರೆ ಜಾಡು ಆಳವಾಗುವುದೂ ನಿಲ್ಲುತ್ತದೆ. ಮುಂದಿನ ಮಳೆಗಾಲದಲ್ಲಿ ಗುಂಡು ತಾಗಿದ್ದು ಒಂದೇ ಕಡೆ, ಅದೂ ಓರೆ ಕಾಲುವೆ ಮುಚ್ಚಿಹೋದಲ್ಲಿ. ಸರಪಳಿ ಕಟ್ಟಿದ್ದು ಪುನರ್ವಸು ಮಳೆಯಲ್ಲಿ ನಾಲ್ಕು ದಿನ ಮಾತ್ರ.

ಕೊನೆಗಾರ ಹಿರಿಯ ಆ ವರ್ಷವೆಲ್ಲ ನಡೆದೇ ಬಂದ. ಮರುವರ್ಷ ಕೊಯ್ಲಿನ ಹೊತ್ತಿಗೆ ಒಂದು ದಿನ ಸಂಜೆ, ಗೊನೆ ಹೇರಿ ಹೊರಟಾಗ, ಹೇಳದೆ ಕೇಳದೆ ಬಂದು ಮುಂದಿನ ಸೀಟಿನಲ್ಲಿ ಕೂತ. ನಾವೂ ಏನೂ ಹೇಳಲಿಲ್ಲ.

7.50-16ರ ಆ ನಾಲ್ಕು ಟೈರು ಈಗಲೂ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿವೆ. ಅಂಗಳದಲ್ಲಿ ಬಿಟ್ಟರೆ ನೀರು ನಿಂತು ಸೊಳ್ಳೆಯಾಗುತ್ತದೆಂದು ಮೇಲೆ ಹಾಕಿದ್ದೇವೆ. ಆರಿಂಚಿನ ರಿಮ್ಮು ಇರುವ ಸಣ್ಣ ಲಾರಿಯವರು ಯಾರಾದರೂ ಬೇಕೆಂದರೆ ಬಂದು ನೋಡಬಹುದು. ಜೀಪಿನವರಿಗೆ ಕೊಡುವುದಿಲ್ಲ.